ಅಣ್ಣನ ಕಾಲು ಎಲ್ಲಿತ್ತು

ನಮ್ಮಣ್ಣನನ್ನು ಊರಿನವರೆಲ್ಲ ದೇವರಂಥ ಮನುಷ್ಯ ಅನ್ನುತ್ತಾರೆ. ಅಂದುಕೊಳ್ಳಲಿ, ನನ್ನ ಗಂಟೇನು ಹೋಗಬೇಕು! ಅವರ್ಯಾರೂ ಅವನ ಪಕ್ಕದಲ್ಲಿ ಕೂತು ವಿಮಾನ ಹಾರಿಸುವುದನ್ನು ಕಲಿತಿಲ್ಲ. ಕಲಿತವಳು ನಾನು. ವರ್ಷಕ್ಕೂ ಮೇಲೆ, ವಾರವಾರವೂ ಅಂಗಡಿಗೆ ಬೀಗ ಹಾಕಿ, ಗಂಡನ ಗೊಣಗಾಟ ಕೇಳಿಕೊಂಡು, ಅಮ್ಮನ ಕಣ್ಣೀರು ನೋಡಿಕೊಂಡು ಕಲಿತೆ. ಆಮೇಲೆ ಒಂದು ದಿನ ಗೊತ್ತಾಯಿತು, ಕಲಿತದ್ದು ದೊಡ್ಡ ಸೊನ್ನೆ ಅಂತ. ಆ ಸಿಟ್ಟು ಇವತ್ತಿಗೂ ಆರಿಲ್ಲ. ಆರಬೇಕು ಅಂತ ನನಗೆ ಆಸೆಯೂ ಇಲ್ಲ.

ಅಣ್ಣನದು ಡ್ರೈವಿಂಗ್ ಸ್ಕೂಲು. ಅವನ ಕಾರುಗಳಲ್ಲಿ ಕಲಿಯುವವರ ಕಾಲಿನ ಹತ್ತಿರ ಇರುವ ಹಾಗೆಯೇ ಕಲಿಸುವವನ ಕಾಲಿನ ಹತ್ತಿರವೂ ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವರು ಗಾಬರಿಯಾಗಿ ಕಲ್ಲಿನ ಹಾಗೆ ಕೂತುಬಿಟ್ಟರೆ ಅಣ್ಣನ ಕಾಲು ಕೆಲಸ ಮಾಡುತ್ತದೆ. ಮೂವತ್ತು ವರ್ಷದಿಂದ ಅವನಿಗೆ ಇದೇ ಅನ್ನ. ನಮ್ಮೂರಿನ ಅರ್ಧ ಜನ ಅವನ ಕೈಕೆಳಗೆ ಕಲಿತವರು. ನಮ್ಮೂರಿನ ಸಿಗ್ನಲ್ಲುಗಳಲ್ಲಿ ಅರ್ಧ ಗಾಡಿಗಳು ಕುಲುಕಾಡಿ ಬಂದ್ ಬೀಳುವುದು ಯಾಕೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು.

ವಿಮಾನ ಅವನ ಹುಚ್ಚು. ಊರಾಚೆ ಒಂದು ಚಿಕ್ಕ ಏರ್‌ಫೀಲ್ಡ್ ಇದೆ. ಒಂದೇ ರನ್‌ವೇ, ಒಂದು ತಗಡಿನ ಷೆಡ್ಡು, ಚಹಾ ಕಾಯಿಸಲು ಒಂದು ಕೋಣೆ, ಗಾಳಿ ಯಾವ ಕಡೆಯದು ಎಂದು ತೋರಿಸಲು ಕಂಬದ ತುದಿಯಲ್ಲಿ ಒಂದು ಉದ್ದನೆಯ ಬಟ್ಟೆಯ ಚೀಲ. ಅಲ್ಲಿನ ಹವ್ಯಾಸಿಗಳ ಕ್ಲಬ್ಬಿಗೆ ಎರಡು ಸೀಟಿನ ಒಂದು ಹಳೆಯ ವಿಮಾನ. ಅಣ್ಣ ಅದರಲ್ಲೇ ಕಲಿತ, ಪರೀಕ್ಷೆ ಪಾಸಾದ, ಕಲಿಸುವ ಲೈಸೆನ್ಸನ್ನೂ ತೆಗೆದುಕೊಂಡ. ಅತ್ತಿಗೆ ಹಣೆ ಚಚ್ಚಿಕೊಂಡಳು. "ವಾರವೆಲ್ಲಾ ರಸ್ತೆ ಮೇಲೆ ಜೀವ ಬಾಯಿಗೆ ಬಂದಿದ್ದು ಸಾಲ್ದು ಅಂತ ಭಾನುವಾರ ಆಕಾಶಕ್ಕೂ ಹೋಗ್ತಾರಂತೆ!" ಅಂದಳು.

ನನ್ನದು ಬಟ್ಟೆ ಸರಿಮಾಡಿಕೊಡುವ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಹಾಕುವುದು, ಪರದೆ ಹೊಲಿಯುವುದು. ಏರ್‌ಫೀಲ್ಡಿನ ಆ ಚೀಲ ಗಾಳಿಗೆ ಹರಿದಾಗ ಅಣ್ಣ ತಂದು ನನ್ನ ಮೇಜಿನ ಮೇಲೆ ಎಸೆದ. ಹೊಲಿದು ಕೊಡಲು ಹೋದ ದಿನ, "ಬಾರೇ ಪುಟ್ಟಿ, ಒಂದು ಸುತ್ತು" ಅಂತ ಕೂರಿಸಿಕೊಂಡ. ನನಗೆ ನಲವತ್ತು ದಾಟಿತ್ತು, ಈಗಲೂ ಅವನಿಗೆ ನಾನು ಪುಟ್ಟಿ. ನೆಲದ ಮೇಲೆ ಓಡುವಾಗ ಗಡಗಡ ನಡುಗುತ್ತಿದ್ದ ಆ ಡಬ್ಬಿ ನೆಲ ಬಿಟ್ಟ ಕೂಡಲೇ ಸುಮ್ಮನಾಯಿತು. ನಮ್ಮ ಬೀದಿ, ಮಾರ್ಕೆಟ್ಟು, ನನ್ನ ಅಂಗಡಿ, ಎಲ್ಲ ಕತ್ತರಿಸಿ ಹರಡಿಟ್ಟ ಬಟ್ಟೆ ಚೂರುಗಳ ಹಾಗೆ ಕೆಳಗೆ ಬಿದ್ದಿದ್ದವು. "ನಂದು ಆಯ್ತಾ? ಇವತ್ತು ಅಂದಿದ್ರಲ್ಲ?" ಎಂದು ಕೇಳುವ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಕಂಟ್ರೋಲು ನನ್ನ ಕೈಗೆ ಕೊಟ್ಟ. ನಾನು ಎಡಕ್ಕೆ ವಾಲಿಸಿದೆ, ಇಡೀ ಊರು ಎಡಕ್ಕೆ ವಾಲಿತು. ನನಗೆ ನಗು ತಡೆಯಲಾಗಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇದನ್ನು ನಾನು ಒಬ್ಬಳೇ ಏರಿಸಿ ಒಬ್ಬಳೇ ಇಳಿಸಬೇಕು.

ಏರಿಸುವುದು ಕಷ್ಟವಲ್ಲ. ಇಳಿಸುವುದರಲ್ಲಿ ಜೀವ ಹೋಗುತ್ತದೆ. ವಿಮಾನದ ಬಾಲದಲ್ಲಿ ನಿಂತ ಹಲಗೆಯೊಂದಿದೆ, ಅದನ್ನು ಆಚೀಚೆ ತಿರುಗಿಸಲು ಕಾಲಿನ ಹತ್ತಿರ ಎರಡು ಪೆಡಲು. ಗಾಳಿ ಅಡ್ಡ ಬೀಸಿದರೆ ವಿಮಾನದ ಮೂತಿ ಗಾಳಿಯ ಕಡೆಗೇ ತಿರುಗಿಕೊಳ್ಳುತ್ತದೆ. ಕೈಯಲ್ಲಿ ರೆಕ್ಕೆ ಸಂಭಾಳಿಸುತ್ತ, ಕಾಲಲ್ಲಿ ಪೆಡಲು ಒತ್ತಿ ಮೂತಿಯನ್ನು ರನ್‌ವೇಗೆ ನೇರವಾಗಿ ಹಿಡಿಯಬೇಕು. ಕಲಿಸುವವನು ಬಲಗಡೆ ಕೂರುತ್ತಾನೆ, ಅವನ ಮುಂದೆಯೂ ಇಂಥವೇ ಎರಡು ಪೆಡಲು. ನನ್ನವೂ ಅವನವೂ ಒಳಗಿನಿಂದ ಸೇರಿಕೊಂಡಿವೆ. ಒಬ್ಬರು ಒತ್ತಿದರೆ ಇನ್ನೊಬ್ಬರ ಕಾಲಿನ ಕೆಳಗೂ ಅದು ಚಲಿಸುತ್ತದೆ. ಇಷ್ಟು ಗೊತ್ತಿದ್ದೂ ನಾನು ಮಂಕಾಗಿದ್ದೆ.

ಯಾಕೆಂದರೆ ನನ್ನ ಇಳಿಸುವಿಕೆ ಅಷ್ಟು ಚೆನ್ನಾಗಿರುತ್ತಿತ್ತು! ಮೊದಮೊದಲು ಎಡವಟ್ಟು, ಆಮೇಲೆ ಪರವಾಗಿಲ್ಲ, ಆಮೇಲೆ ಬೆಣ್ಣೆ. ಗಾಳಿ ಇರಲಿ, ಇಲ್ಲದಿರಲಿ, ಚಕ್ರ ನೆಲ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಅಣ್ಣ ತೊಡೆ ತಟ್ಟಿ ನಗುತ್ತಿದ್ದ. ಕ್ಲಬ್ಬಿನಲ್ಲಿ, ಡ್ರೈವಿಂಗ್ ಸ್ಕೂಲಿನಲ್ಲಿ, ಅಮ್ಮನ ಮನೆಯಲ್ಲಿ, ಕಂಡಕಂಡವರ ಮುಂದೆಲ್ಲ ನನ್ನ ಹೊಗಳಿಕೆ. ನಾನೂ ಉಬ್ಬಿಹೋಗಿದ್ದೆ. ಅಂಗಡಿಗೆ ಬಂದವರಿಗೆ ಜಿಪ್ಪಿನ ಜೊತೆಗೆ ಅಡ್ಡಗಾಳಿಯ ಪಾಠವನ್ನೂ ಹೇಳಿ ಕಳಿಸುತ್ತಿದ್ದೆ.

ಕೊನೆಗೆ ಅಣ್ಣ ಘೋಷಿಸಿಯೇಬಿಟ್ಟ. "ಬರೋ ಭಾನುವಾರ ನನ್ನ ತಂಗೀನ ಒಬ್ಬಳನ್ನೇ ಕಳಿಸ್ತೀನಿ. ಎಲ್ಲರೂ ಬನ್ನಿ."

ಒಬ್ಬಳೇ ಅಂದರೆ ಒಬ್ಬಳೇ. ಬಲಗಡೆ ಸೀಟು ಖಾಲಿ. ಕಲಿಯುವವರಿಗೆಲ್ಲ ಬರುವ ದೊಡ್ಡ ದಿನ ಅದು. ಅಮ್ಮ ಹೊಸ ಚಪ್ಪಲಿ ತಂದುಕೊಂಡಳು. ನನ್ನ ಗಂಡ ಕೂಡ ಭಾನುವಾರದ ಡ್ಯೂಟಿಗೆ ರಜೆ ಹಾಕಿದರು.

ಆ ವಾರದ ನಡುವೆ ಅಣ್ಣ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡ. ಬಲಗಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕುಂಟುತ್ತಲೇ ಏರ್‌ಫೀಲ್ಡಿಗೆ ಅಭ್ಯಾಸಕ್ಕೆ ಬಂದ. ಅತ್ತಿಗೆ ಬೇಡ ಅಂದರೂ ಕೇಳಲಿಲ್ಲ. "ಹಾರಿಸೋಳು ಅವಳು, ನಾನು ಸುಮ್ನೆ ಕೂರೋನು" ಅಂದ. ಆ ಮಾತು ಈಗ ನೆನಪಾದರೆ ಹಲ್ಲು ಕಡಿಯುತ್ತೇನೆ.

ಗಾಳಿ ಎಡಗಡೆಯಿಂದ ಬೀಸುತ್ತಿತ್ತು, ಜೋರೇನಲ್ಲ. ಇಂಥ ಗಾಳಿಯಲ್ಲಿ ಎಷ್ಟೋ ಸಲ ಇಳಿಸಿದ್ದೆ. ರನ್‌ವೇ ಎದುರಿಗೆ ಬಂತು, ಇಂಜಿನ್ನಿನ ಸದ್ದು ತಗ್ಗಿಸಿದೆ, ನೆಲ ಹತ್ತಿರವಾಯಿತು. ಅಷ್ಟರಲ್ಲಿ ಮೂತಿ ಎಡಕ್ಕೆ ತಿರುಗಿತು. ತಿರುಗುತ್ತಲೇ ಹೋಯಿತು. ನನ್ನ ಬಲಗಾಲು ಪೆಡಲಿನ ಮೇಲೇ ಇತ್ತು, ಆದರೆ ಅದಕ್ಕೆ ಏನು ಮಾಡಬೇಕೆಂದೇ ಗೊತ್ತಿರಲಿಲ್ಲ. ಚಕ್ರ ಅಡ್ಡಡ್ಡ ನೆಲಕ್ಕೆ ಬಡಿಯಿತು, ಕಿರ್ರೆಂದಿತು, ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತು. ಅಣ್ಣ ಎರಡೂ ಕೈಯಲ್ಲಿ ಕಂಟ್ರೋಲು ಕಸಿದುಕೊಂಡು, ನೋಯುವ ಕಾಲಲ್ಲೇ ಬ್ರೇಕು ಒತ್ತಿ "ಅಯ್ಯಪ್ಪಾ" ಎಂದು ಕಿರುಚಿ ನಿಲ್ಲಿಸಿದ. ಬೇಲಿ ಇನ್ನೇನು ಮೂಗಿನ ಹತ್ತಿರವಿತ್ತು.

"ಏನಾಗಿದೆ ನಿಂಗೆ?" ಎಂದು ಕೂಗಿದ. "ತಲೆ ಎಲ್ಲಿಟ್ಟಿದ್ದೆ? ಎಷ್ಟು ಸಲ ಬೆಣ್ಣೆ ಹಂಗೆ ಇಳಿಸಿದೀಯ! ಭಾನುವಾರ ಎಲ್ಲರನ್ನೂ ಕರ್ದಿದೀನಿ, ನನ್ನ ಮರ್ಯಾದೆ ತೆಗೀಬೇಡ."

ತಪ್ಪು ನನ್ನದೇ ಅಂದುಕೊಂಡೆ. ಅಂಗಡಿಗೆ ಬಂದು ಷಟರು ಅರ್ಧ ಎಳೆದು, ಯಾರದೋ ಪರದೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಕೆಲಸ ಬಿಡುತ್ತದೆಯೇ? ಹೊಲಿಗೆ ಮಷೀನಿನ ಮುಂದೆ ಕೂತೆ. ಕಾಲು ಪೆಡಲಿನ ಮೇಲೆ ಹೋಯಿತು. ಬಟ್ಟೆ ಓಡಿತು. ಮೂಲೆ ಬಂದಾಗ ನಾನು ಯೋಚಿಸುವ ಮೊದಲೇ ಕಾಲು ನಿಧಾನವಾಯಿತು. ಮೂಲೆ ತಿರುಗಿದ ಮೇಲೆ ತಾನೇ ಜೋರಾಯಿತು. ನಾನು ಅಲ್ಲೇ ನಿಲ್ಲಿಸಿಬಿಟ್ಟೆ. ಈ ಕಾಲು ಕಲಿತ ಕಾಲು. ಬೆಳಿಗ್ಗೆ ವಿಮಾನದಲ್ಲಿದ್ದ ಕಾಲು ಏನನ್ನೂ ಕಲಿತಿರಲಿಲ್ಲ. ಹಾಗಾದರೆ ಇಷ್ಟು ದಿನ ಇಳಿಸಿದ್ದು ಯಾರ ಕಾಲು? ಇವತ್ತು ಬೇರೆಯಾಗಿದ್ದದ್ದು ಒಂದೇ, ಅಣ್ಣನ ಬಲಗಾಲಿನ ಬ್ಯಾಂಡೇಜು.

ಕೂಡಲೇ ಫೋನು ಮಾಡಿದೆ.

"ಅಣ್ಣ, ನಾನು ಇಳಿಸುವಾಗ ನೀನು ಪೆಡಲು ಒತ್ತುತ್ತೀಯಾ?"

"ಛೆ ಛೆ! ನಾನ್ಯಾಕೆ ಒತ್ತಲಿ?"

"ನಿಜ ಹೇಳು."

"ಅಮ್ಮನಾಣೆಗೂ ಇಲ್ಲ ಕಣೇ. ನನ್ನ ಕಾಲು ನೆಲದ ಮೇಲಿರುತ್ತೆ. ಒಂದು ಸಲ ತಪ್ಪಿದ್ದಕ್ಕೆ ನನ್ನ ತಲೆಗೆ ಕಟ್ತೀಯಲ್ಲ, ಚೆನ್ನಾಗಿದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನ ಮೈ ಉರಿಸಿದ್ದು. ಸುಳ್ಳನಾಗಿದ್ದರೆ ಜುಟ್ಟು ಹಿಡಿದು ಕೇಳಬಹುದು. ತನ್ನ ಕಾಲು ಏನು ಮಾಡುತ್ತಿದೆ ಎಂದು ತನಗೇ ಗೊತ್ತಿಲ್ಲದವನ ಹತ್ತಿರ ಏನು ಜಗಳವಾಡುವುದು? ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಬ್ರೇಕು ಒತ್ತಿ ಒತ್ತಿ ಅವನ ಕಾಲಿಗೆ ಬೇರೆಯೇ ಬುದ್ಧಿ ಬಂದಿತ್ತು.

ಶನಿವಾರದ ಹೊತ್ತಿಗೆ ಅವನ ಕಾಲು ನೆಟ್ಟಗಾಗಿತ್ತು. ಮಾರನೆಯ ದಿನ ದೊಡ್ಡ ದಿನ, ಅವತ್ತು ಕೊನೆಯ ಅಭ್ಯಾಸ. ಅವನು ಚಹಾ ಕುಡಿಯುತ್ತಿದ್ದಾಗ ನಾನು ವಿಮಾನದ ಹತ್ತಿರ ಹೋದೆ. ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಚಾಕ್‌ಪೀಸು ಸದಾ ನನ್ನ ಚೀಲದಲ್ಲಿರುತ್ತದೆ. ಅದನ್ನು ಕೆರೆದು ಪುಡಿ ಮಾಡಿ ಬಲಗಡೆಯ ಎರಡೂ ಪೆಡಲುಗಳಿಗೆ ದಪ್ಪಗೆ ಉಜ್ಜಿದೆ.

ಅವನು ಹತ್ತಿ ಕೂರುವ ಮೊದಲೇ ಹೇಳಿದೆ. "ಅಣ್ಣ, ಹೊರಟಾಗಿನಿಂದ ವಾಪಸ್ಸು ಬಂದು ನಿಲ್ಲಿಸೋವರೆಗೂ ಪೆಡಲಿನ ಸುದ್ದಿಗೇ ಹೋಗ್ಬೇಡ. ಅಪಾಯ ಅನ್ನಿಸಿದ್ರೆ ಮಾತ್ರ ಒತ್ತು, ಒತ್ತಿದ್ರೆ ಬಾಯಿಬಿಟ್ಟು ಹೇಳು."

"ಆಯ್ತು ತಾಯಿ, ಅಪ್ಪಣೆ" ಅಂದ.

ಏರಿದೆವು, ಸುತ್ತಿದೆವು, ಇಳಿದೆವು. ಅಡ್ಡಗಾಳಿ ಚೆನ್ನಾಗಿಯೇ ಇತ್ತು. ನಾನು ಬೇಕೆಂದೇ ಕಾಲು ಸಡಿಲ ಬಿಟ್ಟಿದ್ದೆ. ಕೊನೆಯ ಗಳಿಗೆಯಲ್ಲಿ ನನ್ನ ಪಾದದ ಕೆಳಗೆ ಪೆಡಲು ಮೆಲ್ಲಗೆ ಒಳಗೆ ಹೋಯಿತು, ಮತ್ತೆ ಸ್ವಲ್ಪ ಹೊರಗೆ ಬಂತು. ಮೂತಿ ನೇರವಾಯಿತು. ಚಕ್ರ ನೆಲ ಮುಟ್ಟಿದ್ದು ತಿಳಿಯಲೇ ಇಲ್ಲ. ಅಣ್ಣ ಬಾಯಿಬಿಟ್ಟು ಏನೂ ಹೇಳಲಿಲ್ಲ.

"ಶಭಾಷ್ ಪುಟ್ಟಿ! ನೋಡಿದ್ಯಾ? ಎಲ್ಲಾ ಮನಸ್ಸಿನ ಭಯ ಅಷ್ಟೇ."

ಚಹಾ ಕೋಣೆಯ ಬಾಗಿಲಿಗೆ ಬರುವವರೆಗೂ ಹಲ್ಲು ಕಚ್ಚಿ ಹಿಡಿದುಕೊಂಡಿದ್ದೆ. ಒಳಗೆ ಕ್ಲಬ್ಬಿನ ನಾಲ್ಕಾರು ಜನ ಕೂತಿದ್ದರು. ಕ್ಲಬ್ಬಿನಲ್ಲಿ ಕಲಿಸುವ ಇನ್ನೊಬ್ಬರು, ರಿಟೈರಾದ ವಿಜ್ಞಾನದ ಟೀಚರು, ಎಲ್ಲರೂ ಮೇಡಂ ಅನ್ನುವವರು, ಕಿಟಕಿಯ ಪಕ್ಕ ಬಿಸ್ಕತ್ತು ಅದ್ದುತ್ತಿದ್ದರು.

"ಅಣ್ಣ, ಕೂತ್ಕೋ. ಕಾಲೆತ್ತು."

"ಯಾಕೇ, ಕಾಲಿಗೆ ಬೀಳ್ತೀಯಾ? ನಾಳೆ ಬೀಳು, ಒಬ್ಬಳೇ ಹಾರಿ ಬಂದ ಮೇಲೆ" ಎಂದು ನಗುತ್ತ ಕುರ್ಚಿಯಲ್ಲಿ ಕೂತು ಎರಡೂ ಕಾಲು ಮುಂದಕ್ಕೆ ಚಾಚಿದ.

ಎರಡೂ ಬೂಟಿನ ತಳ ನೀಲಿ. ಬೆರಳಿನ ಕಡೆಯ ಭಾಗದಲ್ಲಿ ಪೆಡಲಿನ ರಬ್ಬರಿನ ಗೆರೆಗಳೆಲ್ಲ ಒಂದೊಂದಾಗಿ ಅಚ್ಚೊತ್ತಿದ್ದವು. ಬಲಗಾಲಿನದು ಇನ್ನೂ ದಟ್ಟ.

ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಚೆನ್ನಾಗಿ ಒತ್ತಿದ್ದೀರಿ" ಅಂದರು.

ಅಣ್ಣನ ನಗು ಮುಖದ ಮೇಲೇ ಒಣಗಿತು. ಬೂಟಿನ ತಳ ಮುಟ್ಟಿ ನೋಡಿಕೊಂಡ, ಬೆರಳು ನೀಲಿಯಾಯಿತು. "ನಾನು... ನಂಗೆ ಗೊತ್ತೇ ಆಗ್ಲಿಲ್ಲ" ಅಂದ.

"ನಿಂಗೆ ಗೊತ್ತಾಗ್ಲಿಲ್ಲ!" ನನ್ನ ಸಿಟ್ಟು ನೆತ್ತಿಗೇರಿತು. "ಇಷ್ಟು ದಿನ ನಂಗೆ ಶಭಾಷ್ ಅಂದ್ಯಲ್ಲ, ಯಾರಿಗೆ ಅಂದೆ? ನಿನ್ನ ಕಾಲಿಗೆ ನೀನೇ ಅಂದ್ಕೊಂಡೆ! ನಾನು ಒಂದು ಸಲಾನೂ ಇಳಿಸಿಲ್ಲ. ಒಂದೇ ಒಂದು ಸಲಾನೂ! ಊರಿಗೆಲ್ಲಾ ಡಂಗೂರ ಹೊಡೆದು ನನ್ನನ್ನ ಪೆದ್ದಿ ಮಾಡಿದೆ."

"ನಿಧಾನ ಕಣೇ, ಎಲ್ಲರೂ ಕೇಳಿಸ್ಕೊಳ್ತಿದಾರೆ."

"ಕೇಳಿಸ್ಕೊಳ್ಳಲಿ! ನಾಳೆ ನೀನು ಕೆಳಗೆ ಇಳೀತಿದ್ದೆ. ನಾನು ಒಬ್ಬಳೇ ಹೋಗ್ತಿದ್ದೆ. ಇಳಿಸುವಾಗ ಆ ಕಡೆ ಯಾರ ಕಾಲೂ ಇರ್ತಿರ್ಲಿಲ್ಲ. ಅಮ್ಮನ ಎದುರಿಗೆ, ನಿನ್ನ ಎದುರಿಗೆ ಬೇಲಿಗೆ ಹೋಗಿ ಗುದ್ಕೊಂಡು ಸಾಯ್ತಿದ್ದೆ. ಆಗ ಏನಂತ ಹೇಳ್ತಿದ್ದೆ? ಚೆನ್ನಾಗೇ ಇಳಿಸ್ತಿದ್ಲು, ಅವತ್ತೇನಾಯ್ತೋ ಗೊತ್ತಿಲ್ಲ ಅಂತ ಹೇಳ್ತಿದ್ದೆ!"

ಅಣ್ಣನ ಮುಖ ಬಿಳಿಚಿಕೊಂಡಿತ್ತು. ಆ ಮಾತು ಅವನಿಗೆ ನಾಟಿತ್ತು ಅಂತ ಕಂಡಿತು. ಅಷ್ಟಕ್ಕೇ ಬಿಡಬಹುದಿತ್ತು. ನಾನು ಬಿಡಲಿಲ್ಲ, ಇನ್ನೂ ಬಾಯಿಗೆ ಬಂದದ್ದೆಲ್ಲ ಅಂದು, ಚಾಕ್‌ಪೀಸಿನ ತುಂಡನ್ನು ಅವನ ಮುಂದೆ ಮೇಜಿಗೆ ಕುಕ್ಕಿ ಹೊರಬಂದೆ.

ಸಂಜೆ ಅಮ್ಮನ ಮನೆಯಲ್ಲಿ ಪಂಚಾಯ್ತಿ. ಅಣ್ಣ ಸೋಫಾದ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ, ಅತ್ತಿಗೆ ಅವನನ್ನು ದುರುಗುಟ್ಟಿ ನೋಡುತ್ತಿದ್ದಳು. ಅಮ್ಮನಿಗೆ ಯಥಾಪ್ರಕಾರ ಮಗನ ಮೇಲೆ ಕರುಳು.

"ನಿನ್ನ ಒಳ್ಳೇದಕ್ಕೇ ತಾನೇ ಅವನು ಹಿಡ್ಕೊಂಡಿದ್ದು? ಹಿಡೀದೆ ಇದ್ದಿದ್ರೆ ಬೀಳ್ತಿರ್ಲಿಲ್ವಾ ನೀನು?"

"ಅಮ್ಮ, ನಾಳೆ ಅವನು ಹಿಡ್ಕೊಳ್ಳೋಕೆ ಇರ್ತಿರ್ಲಿಲ್ಲ."

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಿಧಾನವಾಗಿ ಅಣ್ಣನ ಕಡೆ ತಿರುಗಿದಳು. "ನಿನ್ನ ಕಾಲು ಮುರೀತೀನಿ" ಅಂದಳು. ಅರವತ್ತರ ಹತ್ತಿರ ಬಂದ ಮಗನಿಗೆ!

ನನ್ನ ಗಂಡ ಇದೇ ಸಮಯ ಎಂದು ಮೂಗು ತೂರಿಸಿದರು. "ಸಾಕು ಬಿಡು ಇನ್ನು. ನಿಂಗೆ ಬರಲ್ಲ ಅಂತ ಗೊತ್ತಾಯ್ತಲ್ಲ."

"ರೀ, ಬರಲ್ಲ ಅಂತ ಎಲ್ಲಿ ಗೊತ್ತಾಯ್ತು? ನನ್ನನ್ನ ಕಲಿಯೋಕೇ ಬಿಟ್ಟಿಲ್ಲ ಅಂತ ಗೊತ್ತಾಗಿದೆ. ಎರಡಕ್ಕೂ ವ್ಯತ್ಯಾಸ ಇದೆ. ನೀವು ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತರು. ಹೊರಡುವಾಗ ಅಣ್ಣ ಗೇಟಿನವರೆಗೂ ಬಂದು, "ಇನ್ನೊಂದು ಅವಕಾಶ ಕೊಡು ಪುಟ್ಟಿ. ಬೂಟು ಬಿಚ್ಚಿ ಕಾಲು ಮಡಚಿ ಕೂರ್ತೀನಿ" ಅಂದ. ನಾನು ಒಪ್ಪಿದೆ. ಎಷ್ಟಾದರೂ ಅಣ್ಣ.

ಭಾನುವಾರ ಬರಬೇಕಾದವರಿಗೆಲ್ಲ ಬರಬೇಡಿ ಎಂದು ಹೇಳಿ, ನಾವಿಬ್ಬರೇ ಹೋದೆವು. ಅಣ್ಣ ಬಲಗಡೆಯ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕಾಲುಚೀಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಮಂಡಿ ಬಾಗಿಲಿಗೆ ತಗುಲುತ್ತಿತ್ತು. ಆ ಅವತಾರ ನೋಡಿ ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ಮೊದಲ ಸಲ ರನ್‌ವೇ ಹತ್ತಿರ ಬಂದಾಗ ಮೂತಿ ಓಲಾಡಿತು. ನಾನು ಪೆಡಲು ಒತ್ತಿದೆ, ಜಾಸ್ತಿಯಾಯಿತು. ಬಿಟ್ಟೆ, ಕಡಿಮೆಯಾಯಿತು. ಆದರೆ ಒತ್ತಿದವಳೂ ಬಿಟ್ಟವಳೂ ನಾನೇ, ಮೊದಲ ಸಲ ನಾನೇ! ನೆಲ ಇನ್ನೂ ಒಂದಾಳು ಎತ್ತರ ಕೆಳಗಿತ್ತು. ಇನ್ನೊಂದು ಚೂರು ಬಲಕ್ಕೆ ಒತ್ತಬೇಕು ಎಂದು ನನ್ನ ಕಾಲಿಗೇ ತಿಳಿಯಿತು, ಒತ್ತಲು ಹೊರಟೆ. ಅಷ್ಟರಲ್ಲಿ ಬಲಗಡೆಯಿಂದ ಎರಡು ಕೈ ಬಂದು ಕಂಟ್ರೋಲು ಹಿಡಿದವು, ಮಡಚಿದ್ದ ಒಂದು ಕಾಲು ಧಡಕ್ಕನೆ ಕೆಳಗಿಳಿದು ಪೆಡಲಿನ ಮೇಲೆ ಬಿತ್ತು. ಚಕ್ರ ನೆಲ ಮುಟ್ಟಿದ್ದು ತಿಳಿಯಲಿಲ್ಲ.

ನಾನು ವಿಮಾನ ನಿಲ್ಲಿಸಿದೆ. ಇಂಜಿನ್ ಆರಿಸಿದೆ.

"ಬೀಳ್ತಿದ್ವಾ ಅಣ್ಣ?"

ಅವನು ಬಗ್ಗಿ ಕಾಲುಚೀಲ ಎಳೆದುಕೊಂಡ.

"ಹೇಳು. ನೀನು ಹಿಡೀದೆ ಇದ್ದಿದ್ರೆ ಬೀಳ್ತಿದ್ವಾ?"

"ಇಲ್ಲ" ಅಂದ. "ಸ್ವಲ್ಪ ಜೋರಾಗಿ ಕುಕ್ಕೋದು, ಅಷ್ಟೇ."

"ಮತ್ಯಾಕೆ ಹಿಡಿದೆ?"

"ನೋಡ್ಕೊಂಡು ಕೂರೋಕಾಗಲ್ಲ ಪುಟ್ಟಿ. ನನ್ನ ಕೈಲಾಗಲ್ಲ."

ಅವನ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಆದರೆ ಅದು ಕೋಪದ ನೀರು. ಅವನ ಕಣ್ಣೀರನ್ನು ನೋಡಿ ಕರಗಿದರೆ ನಾನು ಮುದುಕಿಯಾದರೂ ಅವನ ಕಾಲಿನಲ್ಲೇ ಹಾರುತ್ತಿರುತ್ತೇನೆ ಎಂದು ಗೊತ್ತಿತ್ತು.

"ಇಳಿ ಅಣ್ಣ. ಇನ್ನು ಮೇಲೆ ನಿನ್ನ ಜೊತೆ ನಾನು ಹಾರಲ್ಲ."

ಕಾಲುಚೀಲದಲ್ಲೇ ಇಳಿದ. ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಷೆಡ್ಡಿನ ಕಡೆ ನಡೆದುಹೋದ. ನಾನು ಕೂಗಿ ಕರೆಯಲಿಲ್ಲ.

ಮಾರನೆಯ ವಾರ ಮೇಡಂ ಹತ್ತಿರ ಹೋಗಿ ನಿಂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾನು ಹೊಗಳೋಳಲ್ಲ, ಹೇಳಿದೀನಿ" ಅಂದರು.

"ಹೊಗಳಿಕೆ ಸಾಕಾಗಿದೆ ಮೇಡಂ."

ಅವರು ಬಲಗಡೆ ಸೀಟಿನಲ್ಲಿ ಕೂತು, ಪಾದಗಳನ್ನು ಸೀಟಿನ ಬುಡಕ್ಕೆ ಎಳೆದುಕೊಂಡು, ಕೈಕಟ್ಟಿಕೊಂಡು ಕೂತುಬಿಡುತ್ತಿದ್ದರು, ಪರೀಕ್ಷೆ ಕೋಣೆಯಲ್ಲಿ ಕೂತ ಹಾಗೆ. ನನ್ನ ಮೊದಲ ಇಳಿತ ಎಂಥದೆಂದರೆ, ಸೀಟಿನ ಹಿಂದಿದ್ದ ನೀರಿನ ಬಾಟಲಿ ಹಾರಿ ನನ್ನ ತಲೆಗೆ ಬಡಿಯಿತು. ವಿಮಾನ ಕಪ್ಪೆಯ ಹಾಗೆ ಕುಪ್ಪಳಿಸಿತು. ಮೇಡಂ ಕೈ ಬಿಚ್ಚಲಿಲ್ಲ. ನಿಂತ ಮೇಲೆ ಕೇಳಿದರು.

"ಯಾರು ಇಳಿಸಿದ್ದು?"

"ನಾನೇ ಮೇಡಂ."

"ತುಂಬಾ ಕೆಟ್ಟದಾಗಿತ್ತು. ನಡೀರಿ, ಇನ್ನೊಂದು ಸಲ."

ಎಷ್ಟೋ ವಾರ ಹೀಗೇ ಕಳೆದವು. ಬೆನ್ನು ನೋವು, ಸೊಂಟ ನೋವು. ಕ್ಲಬ್ಬಿನವರು ನನ್ನ ವಿಮಾನ ಇಳಿಯುವುದು ಕಂಡರೆ ಚಹಾದ ಲೋಟ ಹಿಡಿದು ಬಾಗಿಲಿಗೆ ಬರುತ್ತಿದ್ದರು, ತಮಾಷೆ ನೋಡಲು. ಹಿಂದೆ ಬೆಣ್ಣೆ ಬೆಣ್ಣೆ ಎಂದು ಕೊಂಡಾಡಿದವರೇ! ನಾನು ಒಬ್ಬೊಬ್ಬರನ್ನೂ ಕೆಕ್ಕರಿಸಿ ನೋಡಿ ಮತ್ತೆ ಏರುತ್ತಿದ್ದೆ. ಸಿಟ್ಟಿನಲ್ಲೇ ಕಲಿತೆ. ಮೆಲ್ಲಮೆಲ್ಲಗೆ ನನ್ನ ಕಾಲಿಗೆ ಗಾಳಿಯ ಗುರುತು ಸಿಕ್ಕಿತು. ಒಂದು ಸಂಜೆ ಅಡ್ಡಗಾಳಿಯಲ್ಲಿ ಒಂದೇ ಚಕ್ರದ ಮೇಲೆ ಇಳಿಸಿ, ಆಮೇಲೆ ಇನ್ನೊಂದನ್ನು ಮೆಲ್ಲನೆ ನೆಲಕ್ಕಿಟ್ಟೆ. ಹಾಗೇ ಮಾಡಬೇಕು. ಮೇಡಂ "ಹ್ಞೂಂ" ಅಂದರು. ಆ ಒಂದು ಹ್ಞೂಂಗೆ ನಾನು ಮನೆಯವರೆಗೂ ಹಾಡಿಕೊಂಡು ಹೋದೆ.

ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದ. ಅಥವಾ ನಾನು ಬಿಟ್ಟಿದ್ದೆ, ಯಾರು ಮೊದಲು ಅಂತ ಯಾರಿಗೆ ಗೊತ್ತು? ಅಮ್ಮ ಇಬ್ಬರ ಮಧ್ಯೆ ಓಡಾಡಿ ಸುಸ್ತಾದಳು. ಅವನು ಕ್ಲಬ್ಬಿನಲ್ಲಿ ಕಲಿಸುವುದನ್ನೂ ನಿಲ್ಲಿಸಿದನಂತೆ. ಅತ್ತಿಗೆ ಬಂದು ಹೇಳಿದಳು. "ಕಾರಿನಲ್ಲೂ ಹಂಗೇ ಆಗಿದೆ. ಹೊಸದಾಗಿ ಬಂದೋರ ಜೊತೆ ಕಾಲು ಮಡಚ್ಕೊಂಡು ಕೂತು ಬೆವರ್ತಾರೆ. ಮೊನ್ನೆ ಒಬ್ಬ ತರಕಾರಿ ಗಾಡಿಗೆ ತಾಗಿಸಿಯೇಬಿಟ್ಟ." ನನಗೆ ಪಾಪ ಅನ್ನಿಸಬೇಕಿತ್ತು. ಸದ್ಯ ಯಾರೋ ಒಬ್ಬರಾದರೂ ನಿಜವಾಗಿ ಕಲಿಯುತ್ತಿದ್ದಾರಲ್ಲ ಅನ್ನಿಸಿತು.

ಒಂದು ಬೆಳಿಗ್ಗೆ ಎರಡು ಸುತ್ತು ಹೊಡೆದ ಮೇಲೆ ಮೇಡಂ ಇದ್ದಕ್ಕಿದ್ದಂತೆ ಬೆಲ್ಟು ಬಿಚ್ಚಿದರು.

"ಎಲ್ಲಿಗೆ ಮೇಡಂ?"

"ಬಿಸ್ಕತ್ತು ತಿನ್ನೋಕೆ. ನೀವು ಹೋಗ್ಬನ್ನಿ."

ಬಾಗಿಲು ಹಾಕಿಕೊಂಡು ನಡೆದುಬಿಟ್ಟರು. ಬಲಗಡೆ ಸೀಟು ಖಾಲಿ. ಬೆಲ್ಟು ಇನ್ನೊಮ್ಮೆ ಬಿಗಿದುಕೊಂಡು ಹೊರಟೆ.

ಒಬ್ಬರ ಭಾರ ಕಡಿಮೆಯಾದ ವಿಮಾನ ಹಕ್ಕಿಯ ಹಾಗೆ ಎದ್ದಿತು. ಮೇಲೆ ಹೋದ ಮೇಲೆ ಜೋರಾಗಿ ಬೈದೆ. ಯಾರನ್ನು ಅಂತಿಲ್ಲ, ಅಣ್ಣನನ್ನು, ಗಂಡನನ್ನು, ಬಾಗಿಲಲ್ಲಿ ಲೋಟ ಹಿಡಿದು ನಿಂತವರನ್ನು, ಒಂದು ವರ್ಷ ಉಬ್ಬಿ ತಿರುಗಿದ ನನ್ನನ್ನು, ಎಲ್ಲರನ್ನೂ ಸೇರಿಸಿ ಬೈದೆ. ಕೇಳುವವರು ಯಾರೂ ಇರಲಿಲ್ಲ. ಬೈದು ಮುಗಿದಾಗ ಕೆಳಗೆ ಊರೆಲ್ಲ ಬೆಳಗಿನ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಸುಮ್ಮನೆ ನೋಡಿದೆ. ಆಮೇಲೆ ಇಳಿಸುವ ಸಮಯ ಬಂತು.

ಗಾಳಿ ಎಡದಿಂದ. ಮೂತಿ ಎಡಕ್ಕೆ ಎಳೆಯಿತು. ಬಲಗಾಲು ಒತ್ತಿದೆ, ಪೆಡಲು ಒಳಗೆ ಹೋಯಿತು, ನಾನು ಒತ್ತಿದಷ್ಟೇ ಹೋಯಿತು. ನೆಲ ಬಂತು. ಸ್ವಲ್ಪ ಬೇಗ ಮೂತಿ ಎತ್ತಿಬಿಟ್ಟೆ, ವಿಮಾನ ಕುಕ್ಕಿತು, ಪುಟಿಯಿತು, ಇನ್ನೊಮ್ಮೆ ಕುಕ್ಕಿ ಪುಟಿಯಿತು. ಕಾಲು ಬಿಡಲಿಲ್ಲ, ಮೂತಿ ನೇರವಾಗಿಯೇ ಇತ್ತು. ಮೂರನೆಯ ಸಲ ಚಕ್ರ ನೆಲ ಕಚ್ಚಿಕೊಂಡಿತು. ರನ್‌ವೇಯ ನಟ್ಟನಡುವೆ ನಿಂತಿದ್ದೆ.

ಇಳಿದು ಬಂದರೆ ಬೇಲಿಯ ಹ‌ತ್ತಿರ ಅತ್ತಿಗೆ ಮತ್ತು ಅಣ್ಣ. ಮೇಡಂ ಬೆಳಿಗ್ಗೆಯೇ ಫೋನು ಮಾಡಿದ್ದರಂತೆ. ಅತ್ತಿಗೆ ಅವನ ಎರಡೂ ಪಾದಗಳ ಮೇಲೆ ತನ್ನ ಚಪ್ಪಲಿ ಕಾಲುಗಳನ್ನು ಇಟ್ಟು ಒತ್ತಿಕೊಂಡು ನಿಂತಿದ್ದಳು. "ಬಿಟ್ಟಿದ್ರೆ ಒತ್ತಿ ಒತ್ತಿ ನೆಲ ತೋಡಿಬಿಡೋರು" ಎಂದು ಅಲ್ಲಿಂದಲೇ ಕೂಗಿದಳು. ಅಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿದ.

"ಎರಡು ಸಲ ಪುಟೀತು" ಅಂದ.

"ಹೌದು" ಅಂದೆ. "ಎರಡೂ ನಂದೇ."